ಖನಿಜದ ಪುಡಿ ಶುರು ಮಾಡಿದ ಮೇಲೆ ಸಗಣಿ ತೆಳ್ಳಗಾಯಿತು, ನಿಲ್ಲಿಸಬೇಕಾ?

ಓದುಗರ ಪ್ರಶ್ನೆ

ಡಾಕ್ಟ್ರೇ, ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಕೊಟ್ಟಿಗೆಯಲ್ಲಿ ಗೌರಿ ಅಂತ ಒಂದು ಜರ್ಸಿ ಕ್ರಾಸ್ ಹಸು, ಎರಡು ಮಲೆನಾಡು ಗಿಡ್ಡ, ಒಂದೂವರೆ ವರ್ಷದ ಒಂದು ಗಿಡ್ಡ ಹೋರಿಗರು. ಗೌರಿ ಮೂರನೇ ಕರು ಹಾಕಿ ನಾಲ್ಕು ತಿಂಗಳಾಯಿತು. 8 ಲೀಟರ್ ಕೊಡುತ್ತಿದ್ದದ್ದು ಈಗ 6ಕ್ಕೆ ಇಳಿದಿದೆ. ಬೇಲಿ ಮೇಲೆ ಒಣಹಾಕಿದ ಬಟ್ಟೆ ಅಗಿಯುತ್ತದೆ, ಗೋಡೆ ನೆಕ್ಕುತ್ತದೆ. ಒಂದು ದಿನ ಅದರ ಬಾಯಿಂದ ಮೂಳೆ ಚೂರು ತೆಗೆದೆ. ಅದಕ್ಕೇ ಮೂರು ವಾರದ ಹಿಂದೆ, ಆಗಸ್ಟ್ ಶುರುವಿನಲ್ಲಿ, ಖನಿಜ ಮಿಶ್ರಣ ತಂದೆವು. ಅಂಗಡಿಯವರು "ಒಂದೊಂದಕ್ಕೂ ದಿನಾ 100 ಗ್ರಾಂ ಕೊಡಿ, ಜೀರ್ಣಶಕ್ತಿ ಜಾಸ್ತಿ ಆಗುತ್ತೆ" ಅಂದರು. ಬೆಳಿಗ್ಗೆ ಅಕ್ಕಚ್ಚಿನಲ್ಲಿ ಕಲಸಿ ಕೊಡುತ್ತಿದ್ದೇವೆ. ವಾರದೊಳಗೆ ಗೌರಿಯ ಸಗಣಿ ತೆಳ್ಳಗಾಯಿತು. ಹೋರಿಯದಂತೂ ನೀರು, ಕೆಟ್ಟ ವಾಸನೆ. ಪಕ್ಕದ ಮನೆಯವರು "ಪುಡಿ ಉಷ್ಣ, ಹೊಟ್ಟೆ ಸುಡುತ್ತೆ, ಗಬ್ಬದ ಹಸುವಿಗೆ ಕೊಟ್ಟರೆ ಕಂದು ಹಾಕುತ್ತೆ" ಅನ್ನುತ್ತಾರೆ. ಗಿಡ್ಡದಲ್ಲಿ ಒಂದು ಆರು ತಿಂಗಳ ಗಬ್ಬ. ನನ್ನ ಭಾವ "ಸುಣ್ಣದ ತಿಳಿನೀರು ಸಾಕು" ಅನ್ನುತ್ತಾರೆ. ಇನ್ನೊಬ್ಬರು ದಿನಾ ಅಡುಗೆ ಸೋಡಾ ಹಾಕಿ ಅಂದರು. ಪುಡಿ ನಿಲ್ಲಿಸಲಾ, ಮುಂದುವರಿಸಲಾ? ಹೋರಿ ಬಡವಾಗಿದ್ದರೂ ಗದ್ದದ ಕೆಳಗೆ ಮಾತ್ರ ಸ್ವಲ್ಪ ದಪ್ಪ ಬಂದಿದೆ, ಅದು ಪುಡಿಯಿಂದಲೇ ಇರಬಹುದು ಅಲ್ವಾ?

ಉತ್ತರ

ಅಮ್ಮ, ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಹೋರಿಯ ಗದ್ದದ ಕೆಳಗೆ ಬಂದಿರುವುದು ಮಾಂಸವಲ್ಲ, ನೀರು ಇರಬೇಕು. ಬೆರಳಿನಿಂದ ಒತ್ತಿ ನೋಡಿ. ಹಿಟ್ಟಿನ ಮುದ್ದೆ ಒತ್ತಿದ ಹಾಗೆ ಗುಳಿ ಬಿದ್ದು ನಿಧಾನಕ್ಕೆ ತುಂಬಿಕೊಂಡರೆ ಅದು ನೀರೂತ. ಇಡೀ ದಿನ ತಲೆ ತಗ್ಗಿಸಿ ಮೇಯ್ದು ಬಂದ ಸಂಜೆ ದೊಡ್ಡದಾಗಿ ಕಾಣುತ್ತದೆ, ಬೆಳಿಗ್ಗೆ ಸ್ವಲ್ಪ ಇಳಿದಿರುತ್ತದೆ. ನೀರಿನಂಥ ಭೇದಿ, ಕೆಟ್ಟ ವಾಸನೆ, ಬಡಕಲು ಮೈ, ಜೊತೆಗೆ ಈ ಊತ. ಮಳೆಗಾಲದ ಮಲೆನಾಡಿನಲ್ಲಿ ಈ ನಾಲ್ಕೂ ಒಟ್ಟಿಗೆ ಕಂಡರೆ ನನಗೆ ಮೊದಲು ನೆನಪಾಗುವುದು ಚಪ್ಪಟೆ ಹುಳ. ಪುಡಿ ಅಲ್ಲ.

ಹಾಗಾಗಿ ನಾಳೆಯ ಕೆಲಸ ಇಷ್ಟು. ನಾಲ್ಕಕ್ಕೂ ಐದು ದಿನ ಪುಡಿ ನಿಲ್ಲಿಸಿ. ಹೋರಿಯನ್ನು ಹತ್ತಿರದ ಪಶು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಇದಕ್ಕೆ ಐದು ದಿನ ಕಾಯಬೇಡಿ. ಗೌರಿಯ ಸಗಣಿಯನ್ನೂ ಪರೀಕ್ಷೆಗೆ ಕೊಡಿ. ಆಮೇಲೆ ಪುಡಿಯನ್ನು ಮತ್ತೆ ಶುರು ಮಾಡುವುದೇ. ಆದರೆ ಈಗ ಕೊಡುತ್ತಿರುವ ರೀತಿಯಲ್ಲಿ ಅಲ್ಲ. ಯಾಕೆ ಅಂತ ಹೇಳುತ್ತೇನೆ.

ಪುಡಿ ಯಾರ ಊಟ?

ಖನಿಜ ಮಿಶ್ರಣ ಅಂದರೆ ಜೀರ್ಣದ ಔಷಧಿ ಅಂತ ತುಂಬ ಜನ ತಿಳಿದಿದ್ದಾರೆ. ಮಾರುವವರೂ ಹಾಗೇ ಹೇಳುತ್ತಾರೆ. ಅದು ಔಷಧಿ ಅಲ್ಲ, ಊಟ. ಅದೂ ಮೊದಲ ಪಂಕ್ತಿಯಲ್ಲಿ ಹಸುವಿಗಲ್ಲ, ಹಸುವಿನ ಹೊಟ್ಟೆಯೊಳಗಿನ ಜೀವಿಗಳಿಗೆ.

ಗೌರಿಯ ಎಡಗಡೆ, ಕೊನೆಯ ಪಕ್ಕೆಲುಬಿನ ಹಿಂದೆ ಒಂದು ತಗ್ಗು ಇದೆಯಲ್ಲ, ಅದರ ಒಳಗೆ ದೊಡ್ಡ ಹೊಟ್ಟೆ ಇರುತ್ತದೆ. ನಾವು ರೂಮೆನ್ ಅನ್ನುತ್ತೇವೆ. ಅಂಥ ಹಸುವಿನಲ್ಲಿ ಅದು ನೂರು ಲೀಟರ್ ಹತ್ತಿರದ ಒಂದು ಹಂಡೆ. ಬೆಚ್ಚಗೆ, ಕತ್ತಲಾಗಿ, ಗಾಳಿಯಿಲ್ಲದೆ ಇರುವ ಈ ಹಂಡೆಯಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ, ಪ್ರೊಟೊಜೋವಾ, ಶಿಲೀಂಧ್ರಗಳು ವಾಸ ಮಾಡುತ್ತವೆ. ಬೈಹುಲ್ಲನ್ನು ಅರಗಿಸುವುದು ಹಸು ಅಲ್ಲ, ಇವು. ಹುಲ್ಲಿನ ನಾರನ್ನು ಕರಗಿಸುವ ಕಿಣ್ವ ಹಸುವಿನ ಮೈಯಲ್ಲಿ ಹುಟ್ಟುವುದೇ ಇಲ್ಲ. ಈ ಜೀವಿಗಳು ನಾರನ್ನು ಹುಳಿಸಿ ಆಮ್ಲ ಮಾಡಿಕೊಡುತ್ತವೆ. ಆ ಆಮ್ಲವೇ ಹಸುವಿಗೆ ಶಕ್ತಿ. ಕೊನೆಗೆ ಈ ಜೀವಿಗಳು ಮುಂದಿನ ಹೊಟ್ಟೆಗೆ ಹರಿದು ಹೋಗಿ ತಾವೇ ಹಸುವಿಗೆ ಪ್ರೋಟೀನ್ ಆಗುತ್ತವೆ.

ಈಗ ಖನಿಜದ ವಿಷಯ. ನಾರು ಅರಗಿಸುವ ಬ್ಯಾಕ್ಟೀರಿಯಾಕ್ಕೆ ರಂಜಕ, ಅಂದರೆ ಫಾಸ್ಫರಸ್, ಬೇಕು. ಗಂಧಕ ಇಲ್ಲದಿದ್ದರೆ ಕೆಲವು ಅಮೈನೋ ಆಮ್ಲ ಕಟ್ಟುವುದಕ್ಕೆ ಅವಕ್ಕೆ ಆಗುವುದಿಲ್ಲ. ಮೆಗ್ನೀಸಿಯಂ ಇಲ್ಲದಿದ್ದರೆ ಕಿಣ್ವ ಕೆಲಸ ಮಾಡುವುದಿಲ್ಲ. ಕೋಬಾಲ್ಟ್ ಇದ್ದರೆ ಮಾತ್ರ ಅವು ಬಿ12 ವಿಟಮಿನ್ ತಯಾರಿಸುತ್ತವೆ. ಆ ಬಿ12 ಇಲ್ಲದೆ ಹಸು ತನ್ನ ಹೊಟ್ಟೆಯಲ್ಲಿ ಹುಟ್ಟಿದ ಆಮ್ಲದ ಒಂದು ಮುಖ್ಯ ಪಾಲನ್ನು ಶಕ್ತಿಯಾಗಿ ಬಳಸಿಕೊಳ್ಳಲಾರದು. ಮೇವು ಮುಂದೆ ಇದ್ದರೂ ತಿನ್ನುವುದಿಲ್ಲ, ಸೊರಗುತ್ತದೆ.

ಕೋಬಾಲ್ಟ್ ವಿಷಯ ಗೊತ್ತಾದ ಕಥೆ ಹೇಳಲೇಬೇಕು. ಪಶ್ಚಿಮ ಆಸ್ಟ್ರೇಲಿಯಾದ ಡೆನ್ಮಾರ್ಕ್ ಅನ್ನುವ ಊರಿನ ಸುತ್ತ ಹಸಿರು ಹುಲ್ಲಿನ ನಡುವೆಯೇ ದನಕುರಿಗಳು ಸೊರಗಿ ಸಾಯುತ್ತಿದ್ದವು. ರಕ್ತ ಕಡಿಮೆ ಆಗಿದೆ ಅಂತ ಕಬ್ಬಿಣದ ಅದಿರಿನ ಪುಡಿ ತಿನ್ನಿಸಿದರು. ಚೇತರಿಸಿಕೊಂಡವು. ಆದರೆ ಅಂಡರ್‌ವುಡ್ ಮತ್ತು ಫಿಲ್ಮರ್ ಎಂಬ ಇಬ್ಬರು ವಿಜ್ಞಾನಿಗಳಿಗೆ ಅನುಮಾನ ಬಂತು. ಅದಿರಿನಿಂದ ಕಬ್ಬಿಣವನ್ನು ತೆಗೆದು ಉಳಿದದ್ದನ್ನು ಕೊಟ್ಟು ನೋಡಿದರು. ಆಗಲೂ ಗುಣ ಆಯಿತು. ಕೆಲಸ ಮಾಡುತ್ತಿದ್ದದ್ದು ಅದಿರಿನಲ್ಲಿ ಕಸದ ಹಾಗೆ ಸೇರಿಕೊಂಡಿದ್ದ ಚೂರು ಕೋಬಾಲ್ಟ್ ಅಂತ 1935ರಲ್ಲಿ ತೋರಿಸಿಕೊಟ್ಟರು. ಆ ಕೋಬಾಲ್ಟ್ ಇರುವುದು ಬಿ12 ಒಳಗೆ ಅಂತ ಗೊತ್ತಾಗಿದ್ದು 1948ರಲ್ಲಿ, ಆ ವಿಟಮಿನ್ ಕೈಗೆ ಸಿಕ್ಕಿದ ಮೇಲೆ. ಹಸುವಿಗೆ ಬೇಕಾಗುವ ಕೋಬಾಲ್ಟ್ ಎಷ್ಟು ಗೊತ್ತಾ? ಹತ್ತು ಕಿಲೋ ಒಣ ಮೇವಿನಲ್ಲಿ ಒಂದೆರಡು ಮಿಲಿಗ್ರಾಂ. ಉಗುರಿನ ತುದಿಯಲ್ಲೂ ಕಾಣುವುದಿಲ್ಲ. ಖನಿಜದ ಲೆಕ್ಕ ಹಿಡಿಯಲ್ಲೂ ಅಲ್ಲ, ಬೊಗಸೆಯಲ್ಲೂ ಅಲ್ಲ ಅನ್ನುವುದು ಇದಕ್ಕೇ.

ನಮ್ಮ ಮಣ್ಣು, ನಮ್ಮ ಮಳೆ

ಮಲೆನಾಡಿನಲ್ಲಿ ಈ ಕೊರತೆ ಜಾಸ್ತಿ ಕಾಣುವುದಕ್ಕೆ ಕಾರಣ ಇದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ನಿಮ್ಮ ಹೊಸನಗರದ ಕಡೆಯೂ ಕಡಿಮೆ ಏನಲ್ಲ. ಅಷ್ಟು ನೀರು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಉಳಿಯುವುದು ಕೆಂಪು ಜಂಬಿಟ್ಟಿಗೆ ಮಣ್ಣು, ಹುಳಿ ಮಣ್ಣು. ಅದರಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಇದ್ದಬದ್ದ ರಂಜಕವನ್ನು ಅವು ಹಿಡಿದಿಟ್ಟುಕೊಂಡು ಹುಲ್ಲಿಗೆ ಬಿಡುವುದಿಲ್ಲ. ಮಣ್ಣಿನ ಜೊತೆ ದನದ ಹೊಟ್ಟೆಗೆ ಹೋಗುವ ಕಬ್ಬಿಣ ತಾಮ್ರವನ್ನು ಮೈಗೆ ಹತ್ತಲು ಬಿಡುವುದಿಲ್ಲ.

ಮೇವು ನೋಡಿದರೆ, ವರ್ಷದ ಅರ್ಧ ಬೈಹುಲ್ಲೇ ಆಧಾರ. ಬೈಹುಲ್ಲಿನಲ್ಲಿ ರಂಜಕ ತೀರಾ ಕಡಿಮೆ. ಇರುವ ಕ್ಯಾಲ್ಸಿಯಂನಲ್ಲಿ ಒಂದಷ್ಟನ್ನು ಹುಲ್ಲಿನಲ್ಲೇ ಇರುವ ಆಕ್ಸಲೇಟ್ ಅನ್ನುವ ವಸ್ತು ಕಟ್ಟಿಹಾಕಿರುತ್ತದೆ. ಪ್ರೋಟೀನ್ ನೂರಕ್ಕೆ ಮೂರು ನಾಲ್ಕು ಇದ್ದರೆ ಹೆಚ್ಚು. ಬ್ಯಾಣದಿಂದ, ಅಂದರೆ ಹುಲ್ಲುಗುಡ್ಡದಿಂದ, ಕೊಯ್ದು ತಂದ ಕರಡ ಹುಲ್ಲು, ತೋಟದ ಅಡಿಕೆ ಹಾಳೆ, ಇವು ಹೊಟ್ಟೆ ತುಂಬಿಸುತ್ತವೆ, ಆದರೆ ಖನಿಜದ ಮಟ್ಟಿಗೆ ಬಡ ಮೇವು. ತೌಡಿನಲ್ಲಿ ರಂಜಕ ಚೆನ್ನಾಗಿದೆ. ಕೋಳಿಗೆ, ಹಂದಿಗೆ ಅದರಲ್ಲಿ ಹೆಚ್ಚಿನ ಪಾಲು ದಕ್ಕುವುದಿಲ್ಲ. ದನಕ್ಕೆ ದಕ್ಕುತ್ತದೆ, ಯಾಕೆಂದರೆ ಅದನ್ನು ಬಿಡಿಸಿಕೊಡುವ ಕಿಣ್ವ ಹೊಟ್ಟೆಯ ಜೀವಿಗಳಲ್ಲಿ ಇದೆ. ಅಜ್ಜಿಯರು ಅಕ್ಕಚ್ಚಿಗೆ ತೌಡು ಮತ್ತು ಒಂದು ಹರಳು ಉಪ್ಪು ಹಾಕುತ್ತಿದ್ದದ್ದು ಎಷ್ಟು ಸರಿ ಅಂತ ನನಗೆ ಕಾಲೇಜಿನಲ್ಲಿ ಓದುವಾಗ ಹೊಳೆಯಲಿಲ್ಲ, ಹಳ್ಳಿ ಸುತ್ತಿದ ಮೇಲೆ ಗೊತ್ತಾಯಿತು.

ಗೌರಿಯ ಚಾಳಿಗೆ ಬರೋಣ. ಗೋಡೆ ನೆಕ್ಕುವುದು, ಬೆವರಿನ ಅಂಗಿ ಚೀಪುವುದು, ಇನ್ನೊಂದು ದನದ ಮೂತ್ರಕ್ಕೆ ಬಾಯಿ ಹಾಕುವುದು, ಇವು ಹೆಚ್ಚಾಗಿ ಉಪ್ಪಿನ ಹಸಿವು. ಮೂಳೆ, ಬಟ್ಟೆ, ಪ್ಲಾಸ್ಟಿಕ್ ಅಗಿಯುವುದು ಹೆಚ್ಚಾಗಿ ರಂಜಕದ ಹಸಿವು. ಗೆರೆ ಎಳೆದ ಹಾಗೆ ಬೇರೆ ಮಾಡಲು ಆಗುವುದಿಲ್ಲ, ಹುಳಬಾಧೆ ಇದ್ದರೂ ಇದೇ ಚಾಳಿ ಬರುತ್ತದೆ. 6ರಿಂದ 8 ಲೀಟರ್ ಕರೆಯುವ ಹಸು ಲೀಟರಿಗೆ ಒಂದು ಗ್ರಾಂ ಆಸುಪಾಸು ರಂಜಕ, ಅದಕ್ಕಿಂತ ಸ್ವಲ್ಪ ಜಾಸ್ತಿ ಕ್ಯಾಲ್ಸಿಯಂ ಹಾಲಿನಲ್ಲೇ ಹೊರಗೆ ಕಳಿಸುತ್ತದೆ. ಬೈಹುಲ್ಲಿನಿಂದ ಅದು ತುಂಬಿಬರುವುದು ಕಷ್ಟ.

ಮೂಳೆ ಅಗಿಯುವುದನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ದಕ್ಷಿಣ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಮಾಂಸಕ್ಕೆ ಸಾಕಿದ ದನಗಳು ಸತ್ತ ಪ್ರಾಣಿಗಳ ಮೂಳೆ ಅಗಿದು, ಕಾಲು ಸೋತು ಮಲಗಿ, ನಾಲಿಗೆ ಜೋತು ಸಾಯುತ್ತಿದ್ದವು. ನೂರು ವರ್ಷದ ಹಿಂದೆ ಪಶುವೈದ್ಯ ಆರ್ನಾಲ್ಡ್ ಥೈಲರ್ ಮತ್ತು ಅವರ ಜೊತೆಗಾರರು ಇದರ ಬುಡ ಹುಡುಕಿದರು. ಮಣ್ಣಿನಲ್ಲಿ ರಂಜಕ ಇಲ್ಲ, ಅದಕ್ಕೇ ದನ ಮೂಳೆ ಅಗಿಯುತ್ತದೆ, ಕೊಳೆತ ಮೂಳೆಯಲ್ಲಿ ಬಾಟುಲಿಸಂ ಅನ್ನುವ, ನರ ಸೋಲಿಸುವ ವಿಷ ಇರುತ್ತದೆ. ರಂಜಕ ಸಿಗುವಂತೆ ಮಾಡಿದಾಗ ದನ ಮೂಳೆ ಬಿಟ್ಟವು, ತೂಕವೂ ಏರಿತು. ಆಗ ಅವರು ಕೊಟ್ಟದ್ದು ಮೂಳೆ ಪುಡಿ. ಈಗ ಅದು ಬೇಡ, ಸರಿಯಾಗಿ ಬೇಯಿಸದ ಮೂಳೆ ಪುಡಿಯಿಂದ ರೋಗ ಬರಬಹುದು. ಡೈಕ್ಯಾಲ್ಸಿಯಂ ಫಾಸ್ಫೇಟ್ ಇದೆ, ಒಳ್ಳೆ ಖನಿಜ ಮಿಶ್ರಣದ ಮುಖ್ಯ ಸಾಮಾನು ಅದೇ.

ಬಟ್ಟೆಯ ವಿಷಯವೂ ಅಷ್ಟೇ. ತೀರ್ಥಹಳ್ಳಿ ಕಡೆ ಒಂದು ಹಸುವಿನ ಹೊಟ್ಟೆ ಕೊಯ್ದಾಗ ಒಂದು ಸೀರೆಯ ಸೆರಗು, ನೈಲಾನ್ ಹಗ್ಗ, ಎರಡು ಮೊಳೆ ಸಿಕ್ಕಿದವು. ಹಗ್ಗ ಗಂಟು ಗಂಟಾಗಿ ಕಲ್ಲಿನ ಹಾಗಾಗಿತ್ತು. ಮೊಳೆ ಇನ್ನು ಸ್ವಲ್ಪ ಮುಂದೆ ಹೋಗಿದ್ದರೆ ಎದೆಗೂಡಿಗೆ ಚುಚ್ಚುತ್ತಿತ್ತು. ಬಟ್ಟೆಯನ್ನು ಇವತ್ತೇ ಬೇರೆ ಕಡೆ ಒಣಹಾಕಿ.

ಹಾಗಾದರೆ ಭೇದಿ ಯಾಕೆ?

ಪುಡಿಯಿಂದ ಭೇದಿ ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಮೆಗ್ನೀಸಿಯಂ, ಉಪ್ಪು ಜಾಸ್ತಿಯಾದರೆ ಕರುಳಿಗೆ ನೀರು ಸೆಳೆದು ಸಗಣಿ ತೆಳ್ಳಗಾಗುತ್ತದೆ. ಆದರೆ ಲೆಕ್ಕ ಹಾಕೋಣ. ಒಳ್ಳೆ ಮಿಶ್ರಣದಲ್ಲಿ ಮೆಗ್ನೀಸಿಯಂ ನೂರಕ್ಕೆ 5ರಷ್ಟು. 100 ಗ್ರಾಂ ಕೊಟ್ಟರೆ 5 ಗ್ರಾಂ. ಗೌರಿಯಂಥ ಹಸುವಿಗೆ ದಿನಕ್ಕೆ ಬೇಕಾಗುವುದೇ ಅದಕ್ಕಿಂತ ಜಾಸ್ತಿ. ಅಷ್ಟಕ್ಕೆ ಅದರ ಹೊಟ್ಟೆ ಕೆಡಬಾರದು. ಗಿಡ್ಡದ ಲೆಕ್ಕ ಬೇರೆ. ನೂರು ಕಿಲೋ ಆಸುಪಾಸಿನ ದನ ಅದು. ಗೌರಿಗೆ ಕೊಟ್ಟಷ್ಟೇ ಅದಕ್ಕೂ ಕೊಟ್ಟರೆ ತೂಕಕ್ಕೆ ಮೂರು ಪಾಲು ಜಾಸ್ತಿ ಕೊಟ್ಟ ಹಾಗೆ. ಇನ್ನು ಪುಡಿ ಕಳಪೆಯಾಗಿದ್ದರೆ, ಬರೀ ಉಪ್ಪು ಮತ್ತು ಕಲ್ಲಿನ ಪುಡಿ ತುಂಬಿದ್ದರೆ, ಯಾವ ಲೆಕ್ಕವೂ ನಡೆಯುವುದಿಲ್ಲ.

ಇನ್ನೊಂದು ಕಾರಣ ನಿಮ್ಮ ಕಣ್ಣ ಮುಂದೆಯೇ ಇದೆ. ಪುಡಿ ಶುರುವಾಗಿದ್ದು ಆಗಸ್ಟ್‌ನಲ್ಲಿ. ನಾಟಿ ಮುಗಿದು ಎಲ್ಲರೂ ಗದ್ದೆ ಬದುವಿನ ಎಳೆಹುಲ್ಲು ಕೊಯ್ಯುವ ಹೊತ್ತು ಅದೇ. ಆ ಹುಲ್ಲಿನಲ್ಲಿ ನೀರೇ ಜಾಸ್ತಿ, ನಾರು ಕಡಿಮೆ. ಬೈಹುಲ್ಲಿನಿಂದ ಒಮ್ಮೆಲೇ ಅದಕ್ಕೆ ಬದಲಾಯಿಸಿದರೆ ಹೊಟ್ಟೆಯ ಜೀವಿಗಳಿಗೆ ಒಗ್ಗಿಕೊಳ್ಳಲು ಎರಡು ಮೂರು ವಾರ ಬೇಕು. ಸಗಣಿ ತೆಳ್ಳಗಾಗುವುದು ಸಹಜ. ಪುಡಿಯೂ ಅದೇ ವಾರ ಬಂದಿದ್ದರಿಂದ ತಪ್ಪು ಅದರ ತಲೆ ಮೇಲೆ ಬಂತು.

ಮೂರನೆಯದು ಹುಳ. ಅದೇ ಗದ್ದೆ ಬದುವಿನ ನೀರಿನಲ್ಲಿ ಸಣ್ಣ ಬಸವನಹುಳ ಇರುತ್ತವಲ್ಲ, ಚಪ್ಪಟೆ ಹುಳದ ಮರಿಗಳು ಅವುಗಳ ಮೈಯಲ್ಲಿ ಬೆಳೆದು ಹೊರಬಂದು ನೀರಿನ ಅಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತವೆ. ಕೊಯ್ದು ತಂದ ಹುಲ್ಲಿನಲ್ಲಿ ಬಂದು ಹೊಟ್ಟೆ ಸೇರುತ್ತವೆ. ಇವುಗಳಲ್ಲಿ ಎರಡು ಜಾತಿ ಮುಖ್ಯ. ಒಂದು ಪಿತ್ತಜನಕಾಂಗ ಸೇರುತ್ತದೆ. ಇನ್ನೊಂದು ಬಲಿತ ಮೇಲೆ ದೊಡ್ಡ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ಇರುತ್ತದೆ, ಆಗ ಅಷ್ಟೇನೂ ಕಾಟ ಕೊಡುವುದಿಲ್ಲ. ಅದರ ಮರಿಗಳೇ ಅಪಾಯ. ಅವು ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹೂತುಕೊಂಡು ಗೋಡೆಯನ್ನು ಹಾಳು ಮಾಡುತ್ತವೆ. ಪಿಚಕಾರಿ ಹೊಡೆದ ಹಾಗೆ ವಾಸನೆಯ ಭೇದಿ ಆಗುತ್ತದೆ. ಮೈಯ ಪ್ರೋಟೀನ್ ಸೋರಿ ಹೋಗಿ ಗದ್ದದ ಕೆಳಗೆ ನೀರು ತುಂಬುತ್ತದೆ. ಎಳೆ ದನಗಳಿಗೆ ಇದು ಜಾಸ್ತಿ. ನಿಮ್ಮ ಹೋರಿಯ ವಯಸ್ಸೂ ಅದೇ.

ಇಲ್ಲಿ ಒಂದು ಮಾತು ನೆನಪಿಡಿ. ಮರಿಗಳು ಮೊಟ್ಟೆ ಇಡುವುದಿಲ್ಲ. ಆದ್ದರಿಂದ ಸಗಣಿ ಪರೀಕ್ಷೆಯಲ್ಲಿ "ಏನೂ ಇಲ್ಲ" ಅಂತ ಬಂದರೂ ಹುಳ ಇರಬಹುದು. ಭೇದಿಯನ್ನು ಬಿಳಿ ತಟ್ಟೆಯಲ್ಲಿ ನೀರು ಹಾಕಿ ತೆಳುಮಾಡಿ ನೋಡಿದರೆ ಅಕ್ಕಿನುಚ್ಚಿನಂಥ ನಸುಗೆಂಪು ಚೂರುಗಳು ಕೆಲವು ಸಲ ಕಾಣುತ್ತವೆ. ವೈದ್ಯರಿಗೆ ಗದ್ದದ ಊತ ತೋರಿಸಿ, ಗದ್ದೆ ಹುಲ್ಲು ಹಾಕುತ್ತಿದ್ದೇವೆ ಅಂತ ಹೇಳಿ. ಅಂಗಡಿಯಿಂದ ಸುಮ್ನೆ ಯಾವುದೋ ಜಂತಿನ ಗುಳಿಗೆ ತಂದು ಹಾಕಬೇಡಿ. ಐವರ್‌ಮೆಕ್ಟಿನ್ ಈ ಹುಳಕ್ಕೆ ನಾಟುವುದೇ ಇಲ್ಲ. ಆಲ್ಬೆಂಡಜೋಲ್ ಹೊಟ್ಟೆಯ ಚಪ್ಪಟೆ ಹುಳಕ್ಕೆ ಪ್ರಯೋಜನವಿಲ್ಲ, ಗಬ್ಬದ ಮೊದಲ ದಿನಗಳಲ್ಲಿ ಕೊಡಲೂಬಾರದು. ಇದಕ್ಕೆ ಸಾಮಾನ್ಯವಾಗಿ ಆಕ್ಸಿಕ್ಲೋಜನೈಡ್ ಬಳಸುತ್ತೇವೆ. ಪ್ರಮಾಣ ತೂಕ ನೋಡಿ ವೈದ್ಯರೇ ಹೇಳಬೇಕು. ಹುಳ ಇಟ್ಟುಕೊಂಡು ಎಷ್ಟೇ ಖನಿಜ ಕೊಟ್ಟರೂ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.

ಅವರಿವರು ಹೇಳಿದ್ದು

"ಪುಡಿ ಉಷ್ಣ, ಗಬ್ಬ ಹೋಗುತ್ತೆ" ಅನ್ನುವುದು ನಿಜವಲ್ಲ. ಗಬ್ಬದ ಕೊನೆಯ ಮೂರು ತಿಂಗಳು ಕರುವಿನ ಮೂಳೆ ಬಲಿಯುವ ಕಾಲ, ಆಗಲೇ ಖನಿಜ ಹೆಚ್ಚು ಬೇಕು. ದನ ಕಂದು ಹಾಕುವುದಕ್ಕೆ ಬ್ರುಸೆಲ್ಲಾದಂಥ ಸೋಂಕು ಕಾರಣ ಆಗಿರಬಹುದು. ಹಾಗೆ ಆದರೆ ಪುಡಿಯನ್ನು ದೂರಿ ಸುಮ್ಮನಾಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಒಂದು ಎಚ್ಚರಿಕೆ ಮಾತ್ರ ಇದೆ. ಗೌರಿಯಂಥ ಹಾಲಿನ ಹಸುವಿಗೆ ಕರು ಹಾಕುವ ಮುಂಚಿನ ಎರಡು ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಎಲ್ಲ ಸುರಿಯಬಾರದು. ಹೊರಗಿನಿಂದ ಧಾರಾಳ ಬಂದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಅಭ್ಯಾಸ ಮೈಗೆ ತಪ್ಪುತ್ತದೆ. ಕರು ಹಾಕಿದ ದಿನ ಒಮ್ಮೆಲೇ ಹಾಲಿಗೆ ಬೇಕಾದಾಗ ಸಿಗದೆ ಹಾಲುಜ್ವರ ಬಂದು ಮಲಗುತ್ತದೆ.

ನಿಮ್ಮ ಭಾವನವರ ಸುಣ್ಣದ ತಿಳಿ. ಕೆಟ್ಟದ್ದಲ್ಲ, ಆದರೆ ಸಾಕಾಗುವುದಿಲ್ಲ. ಸುಣ್ಣ ನೀರಿನಲ್ಲಿ ಕರಗುವುದೇ ಕಡಿಮೆ. ಒಂದು ಲೀಟರ್ ತಿಳಿಯಲ್ಲಿ ಕ್ಯಾಲ್ಸಿಯಂ ಒಂದು ಗ್ರಾಂ ಕೂಡ ಇರುವುದಿಲ್ಲ. ಗೌರಿ ಒಂದು ಲೀಟರ್ ಹಾಲಿನಲ್ಲಿ ಕಳಿಸುವುದೇ ಅದಕ್ಕಿಂತ ಹೆಚ್ಚು. ಜೊತೆಗೆ ಅದರಲ್ಲಿ ರಂಜಕ ಒಂದು ಚೂರೂ ಇಲ್ಲ. ತಿಳಿ ಬಿಟ್ಟು ಗಟ್ಟಿ ಸುಣ್ಣವನ್ನೇ ಕಲಸಿ ಕೊಟ್ಟರೆ ಬಾಯಿ, ಅನ್ನನಾಳ ಸುಡಬಹುದು. ಕ್ಯಾಲ್ಸಿಯಂ ಒಂದೇ ಮಿತಿಮೀರಿದರೆ ರಂಜಕ, ಸತು ಮೈಗೆ ಹತ್ತುವುದಿಲ್ಲ.

ಅಡುಗೆ ಸೋಡಾ ದಿನಾ ಬೇಡವೇ ಬೇಡ. ಮೇ, ಜೂನ್‌ನಲ್ಲಿ ದನ ಹಲಸಿನ ಹಣ್ಣು ಮುಕ್ಕಿದಾಗ, ಮದುವೆ ಮನೆಯ ಉಳಿದ ಅನ್ನ ತಿಂದಾಗ ಹೊಟ್ಟೆ ಹುಳಿಯಾಗಿ ಕೆಡುತ್ತದಲ್ಲ, ಆಗ ಸೋಡಾ ಜೀವ ಉಳಿಸುತ್ತದೆ. ಹುಲ್ಲು ತಿನ್ನುವ ದನ ಮೆಲುಕು ಹಾಕುತ್ತಾ ದಿನಕ್ಕೆ ನೂರು ಲೀಟರ್‌ವರೆಗೂ ಜೊಲ್ಲು ನುಂಗುತ್ತದೆ. ಆ ಜೊಲ್ಲಿನಲ್ಲೇ ಸೋಡಾ ಇದೆ, ರಂಜಕವೂ ಇದೆ. ಬೈಹುಲ್ಲಿನ ಹೊಟ್ಟೆಗೆ ಮೇಲಿಂದ ಸೋಡಾ ಸುರಿದರೆ ಅರಗುವುದು ಇನ್ನೂ ನಿಧಾನ ಆಗಬಹುದು.

ನೀವು ಕೇಳಿಲ್ಲ, ಆದರೂ ತೋಟದವರಿಗೆ ಹೇಳಲೇಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುತ್ತೀರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರ. ಮರದಿಂದ ತೊಟ್ಟಿಕ್ಕಿದ್ದು ಕೆಳಗಿನ ಹುಲ್ಲಿನ ಮೇಲೆ, ಬಿದ್ದ ಹಾಳೆಯ ಮೇಲೆ ನೀಲಿಯಾಗಿ ಕೂತಿರುತ್ತದೆ. ಸ್ವಲ್ಪ ತಾಮ್ರ ಬೇಕು, ಜಾಸ್ತಿ ಆದರೆ ಹೊಟ್ಟೆಯ ಜೀವಿಗಳು ಸಾಯುತ್ತವೆ, ಪಿತ್ತಜನಕಾಂಗ ಕೆಡುತ್ತದೆ. ನೀಲಿ ಕಲೆ ಕಾಣುವ ಹುಲ್ಲು, ಹಾಳೆ ಎರಡನ್ನೂ ಹಾಕಬೇಡಿ. ಮನೆಯಲ್ಲಿ ಕುರಿ ಇದ್ದರಂತೂ ಆ ತೋಟಕ್ಕೇ ಬಿಡಬೇಡಿ, ಕುರಿಗೆ ತಾಮ್ರ ತಡೆಯುವ ಶಕ್ತಿ ತೀರಾ ಕಡಿಮೆ.

ಮತ್ತೆ ಶುರು ಮಾಡುವಾಗ

ಚೀಲದ ಮೇಲೆ ಐಎಸ್ 1664 ಗುರುತು ಇದೆಯಾ ನೋಡಿ, ಅದು ದನದ ಖನಿಜ ಮಿಶ್ರಣಕ್ಕೆ ಇರುವ ಭಾರತೀಯ ಮಾನಕ. ಕ್ಯಾಲ್ಸಿಯಂ ನೂರಕ್ಕೆ 20, ರಂಜಕ 12ರ ಆಸುಪಾಸು ಇರಬೇಕು. ರಂಜಕ 5, 6 ಅಂತ ಬರೆದಿದ್ದರೆ ಅಥವಾ ಏನೂ ಬರೆಯದಿದ್ದರೆ ಬಿಡಿ, ರಂಜಕವೇ ದುಬಾರಿ ಸಾಮಾನು, ಕದಿಯುವುದೂ ಅದರಲ್ಲೇ. ಹಾಲಿನ ಡೇರಿಯಲ್ಲಿ ಸಿಗುವುದಿದ್ದರೆ ಅಲ್ಲಿಂದಲೇ ತನ್ನಿ. ಗೊಬ್ಬರದ ಸೂಪರ್ ಫಾಸ್ಫೇಟ್ ಅಗ್ಗ ಅಂತ ದನಕ್ಕೆ ಕೊಟ್ಟವರನ್ನು ನೋಡಿದ್ದೇನೆ. ಅದರಲ್ಲಿ ಫ್ಲೋರೈಡ್ ಇರುತ್ತದೆ, ಹಲ್ಲು, ಮೂಳೆ ಹಾಳಾಗುತ್ತವೆ. ಎಂದಿಗೂ ಬೇಡ.

ಐದು ದಿನ ಬಿಟ್ಟ ಮೇಲೆ ಗೌರಿಯ ಸಗಣಿ ಗಟ್ಟಿಯಾದರೆ ದಿನಕ್ಕೆ 10 ಗ್ರಾಂನಿಂದ ಶುರು ಮಾಡಿ. ಎರಡು ವಾರದಲ್ಲಿ 50ಕ್ಕೆ ಏರಿಸಿ, ಅಲ್ಲಿಗೆ ನಿಲ್ಲಿಸಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಗಿಡ್ಡಗಳಿಗೆ 15ರಿಂದ 20 ಗ್ರಾಂ ಸಾಕು. ಹೋರಿಗೆ ಭೇದಿ ನಿಂತು, ಹುಳದ ಔಷಧಿ ಆಗಿ ಒಂದು ವಾರ ಕಳೆದ ಮೇಲೆ 10ರಿಂದ 15 ಗ್ರಾಂ. ಕೈಯಳತೆ ನಂಬಬೇಡಿ. ದಿನಸಿ ಅಂಗಡಿಯ ತಕ್ಕಡಿಯಲ್ಲಿ 25 ಗ್ರಾಂ ತೂಗಿಸಿ, ಅದು ಮನೆಯ ಯಾವ ಚಮಚದಲ್ಲಿ ಎಷ್ಟು ಬರುತ್ತದೆ ಅಂತ ಗುರುತು ಮಾಡಿಕೊಳ್ಳಿ.

ಅಕ್ಕಚ್ಚಿಗೆ ಮಾತ್ರ ಹಾಕಬೇಡಿ. ಪುಡಿ ಭಾರ, ಬಾನಿಯ ತಳಕ್ಕೆ ಕೂರುತ್ತದೆ. ಮೊದಲು ಕುಡಿದ ದನಕ್ಕೆ ಬರೀ ನೀರು, ಕೊನೆಯದಕ್ಕೆ ಎಲ್ಲರ ಪಾಲೂ ಒಟ್ಟಿಗೆ. ಹಾಗೆ ಆದರೆ ಚಿಕ್ಕ ದನದ ಹೊಟ್ಟೆ ಕೆಟ್ಟರೂ ಆಶ್ಚರ್ಯವಿಲ್ಲ. ಒಂದು ಹಿಡಿ ತೌಡು ಅಥವಾ ಹಿಂಡಿಯನ್ನು ಸ್ವಲ್ಪ ನೀರು ಚಿಮುಕಿಸಿ ಉದುರುದುರಾಗಿ ಕಲಸಿ, ಅದರಲ್ಲಿ ಬೆರೆಸಿ, ಒಂದೊಂದಕ್ಕೂ ಬೇರೆ ಬೇರೆ ಕೊಡಿ. ಹುಲ್ಲು ತಿನ್ನುವ ಹೊತ್ತಿಗೇ ಕೊಟ್ಟರೆ ಒಳ್ಳೆಯದು, ಹೊಟ್ಟೆಯ ಜೀವಿಗಳಿಗೆ ಕೆಲಸವೂ ಸಾಮಾನೂ ಒಟ್ಟಿಗೆ ಸಿಗುತ್ತದೆ. ಎಳೆಹುಲ್ಲು ಹಾಕುವ ಮುಂಚೆ ಸ್ವಲ್ಪ ಬೈಹುಲ್ಲು ಹಾಕಿ. ಮಿಶ್ರಣದಲ್ಲಿ ಉಪ್ಪು ಇಲ್ಲದಿದ್ದರೆ ಗೌರಿಗೆ ದಿನಕ್ಕೆ 30 ಗ್ರಾಂ, ಗಿಡ್ಡಕ್ಕೆ 10 ಗ್ರಾಂ ಅಡುಗೆ ಉಪ್ಪು. ಕುಡಿಯಲು ನೀರು ಧಾರಾಳ ಇರಲಿ.

ನೆಕ್ಕುವ ಇಟ್ಟಿಗೆ ಕಟ್ಟಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಅನುಕೂಲ ಏನೋ ಇದೆ, ಗುಡ್ಡಕ್ಕೆ ಹೋಗಿ ಬರುವ ಗಿಡ್ಡಗಳಿಗೆ ಚೆನ್ನಾಗಿ ಹೊಂದುತ್ತದೆ. ಆದರೆ ಯಾವ ದನ ಎಷ್ಟು ನೆಕ್ಕಿತು ಗೊತ್ತಾಗುವುದಿಲ್ಲ, ಎಷ್ಟೋ ಇಟ್ಟಿಗೆಯಲ್ಲಿ ಮುಕ್ಕಾಲು ಪಾಲು ಉಪ್ಪೇ. ಯೂರಿಯಾ ಬೆಲ್ಲದ ಇಟ್ಟಿಗೆಯನ್ನು ಬೇಸಿಗೆಯಲ್ಲಿ ಬೈಹುಲ್ಲಿನ ಜೊತೆ ಕೊಟ್ಟರೆ ಒಳ್ಳೆಯದೇ, ನಾರು ಅರಗಿಸುವ ಜೀವಿಗಳಿಗೆ ಸಾರಜನಕವೂ ಸಿಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ನನಗೆ ಅದರ ಭಯ ಇದೆ. ಸೋರುವ ಮಾಡಿನ ಕೆಳಗೆ ಇಟ್ಟಿಗೆ ಕರಗಿ, ಆ ನೀರು ಬಾನಿಯಲ್ಲಿ ನಿಂತು, ದನ ಅದನ್ನು ಕುಡಿದರೆ ಯೂರಿಯಾ ವಿಷವಾಗಿ ಗಂಟೆಯೊಳಗೆ ಸಾಯಬಹುದು. ಆರು ತಿಂಗಳ ಒಳಗಿನ ಕರುವಿಗಂತೂ ಕೊಡಲೇಬಾರದು. ಚೀಲೇಟೆಡ್ ಅಂತ, ಖನಿಜವನ್ನು ಅಮೈನೋ ಆಮ್ಲದಂಥದ್ದಕ್ಕೆ ಕಟ್ಟಿ ಮಾಡಿದ ದುಬಾರಿ ಪುಡಿಯೂ ಬರುತ್ತದೆ. ಕಬ್ಬಿಣ ಜಾಸ್ತಿ ಇರುವ ಕಡೆ ತಾಮ್ರ, ಸತು ಮೈಗೆ ಹತ್ತಲು ಸಹಾಯ ಆಗಬಹುದು. ಆದರೆ 6 ಲೀಟರ್ ಹಾಲಿಗೆ ಆ ಖರ್ಚು ನಾನು ಮಾಡುತ್ತಿರಲಿಲ್ಲ. ಅದೇ ದುಡ್ಡಿಗೆ ಎರಡು ಕಿಲೋ ಒಳ್ಳೆ ಹಿಂಡಿ ತರುತ್ತಿದ್ದೆ, ಯಾಕೆಂದರೆ ಪ್ರೋಟೀನ್ ಇಲ್ಲದ ಹೊಟ್ಟೆಯಲ್ಲಿ ಖನಿಜಕ್ಕೆ ಕೆಲಸವೇ ಇರುವುದಿಲ್ಲ.

ಗಿಡ್ಡಕ್ಕೆ ಏನೂ ಬೇಡ ಅನ್ನುವವರ ಮಾತಿನಲ್ಲಿ ಅರ್ಧ ನಿಜ ಇದೆ. ಬೆಟ್ಟದಲ್ಲಿ ಹತ್ತಾರು ಜಾತಿ ಸೊಪ್ಪು ಕಚ್ಚಿ ತಿರುಗುವ ದನ ತನಗೆ ಬೇಕಾದ್ದನ್ನು ಬಹಳಷ್ಟು ಹುಡುಕಿಕೊಳ್ಳುತ್ತದೆ. ಕಟ್ಟಿಹಾಕಿ ಬೈಹುಲ್ಲು ಹಾಕಿದ ದಿನದಿಂದ ಅದಕ್ಕೂ ನೀವೇ ಕೊಡಬೇಕು.

ಫಲ ಯಾವಾಗ? ಬಟ್ಟೆ ಅಗಿಯುವುದು ಮೂರು ನಾಲ್ಕು ವಾರದಲ್ಲಿ ಕಡಿಮೆ ಆಗಬೇಕು. ಕೂದಲಿನ ಹೊಳಪು, ಬೆದೆ ಸರಿಯಾಗಿ ಬರುವುದು ಎರಡು ಮೂರು ತಿಂಗಳು. ಜೀರ್ಣ ಸುಧಾರಿಸಿತೋ ಇಲ್ಲವೋ ಅಂತ ನೀವೇ ನೋಡಬಹುದು. ಗೌರಿ ಮಲಗಿ ಮೆಲುಕು ಹಾಕುವಾಗ ಒಂದು ಉಂಡೆಯನ್ನು ಎಷ್ಟು ಸಲ ಅಗಿಯುತ್ತದೆ ಎಣಿಸಿ, 50ರಿಂದ 70 ಇದ್ದರೆ ಚೆನ್ನ. ಎಡಗಡೆ ತಗ್ಗಿಗೆ ಮುಷ್ಟಿ ಒತ್ತಿ ಹಿಡಿದರೆ ಎರಡು ನಿಮಿಷಕ್ಕೆ ಎರಡು ಮೂರು ಸಲ ಹೊಟ್ಟೆ ಅಲೆಯ ಹಾಗೆ ಕೈಯನ್ನು ಎತ್ತಬೇಕು. ಒಂದು ಹಿಡಿ ಸಗಣಿಯನ್ನು ಹಳೇ ಜರಡಿಗೆ ಹಾಕಿ ನಲ್ಲಿ ಕೆಳಗೆ ತೊಳೆಯಿರಿ. ಉಳಿಯುವ ನಾರು ಸಣ್ಣದಾಗಿ ಇದ್ದರೆ ಸರಿ. ಬೆರಳಿನ ಗಿಣ್ಣಿನಷ್ಟು ಉದ್ದದ ಹುಲ್ಲಿನ ಚೂರು, ಇಡೀ ಕಾಳು ತುಂಬ ಸಿಕ್ಕಿದರೆ ಅರಗದೆ ಹೊರಗೆ ಬರುತ್ತಿದೆ ಅಂತ ಅರ್ಥ. ಪುಡಿ ಶುರು ಮಾಡುವ ಮುಂಚೆ ಒಮ್ಮೆ, ಒಂದು ತಿಂಗಳಾದ ಮೇಲೆ ಒಮ್ಮೆ ತೊಳೆದು ನೋಡಿ.

ಸಗಣಿ ಪರೀಕ್ಷೆಗೆ ಕೊಡುವಾಗ ನೆಲದಿಂದ ಬಾಚಬೇಡಿ. ಬೆಳಿಗ್ಗೆ ಹಾಕಿದ ತಕ್ಷಣ ಮೇಲಿನ ಭಾಗದಿಂದ ಒಂದು ನಿಂಬೆಹಣ್ಣಿನಷ್ಟು ತೆಗೆದು, ಒಣಗಿದ ಚಿಕ್ಕ ಡಬ್ಬಿಗೆ ಹಾಕಿ ಮುಚ್ಚಿ. ಗೌರಿಯದು, ಹೋರಿಯದು ಬೇರೆ ಬೇರೆ ಡಬ್ಬಿಯಲ್ಲಿ ಇರಲಿ, ಹೆಸರಿನ ಚೀಟಿ ಅಂಟಿಸಿ. ಅವತ್ತೇ ಮಧ್ಯಾಹ್ನದೊಳಗೆ ತಲುಪಿಸಿ. ಪುಡಿಯ ಚೀಲವನ್ನೂ ಜೊತೆಗೆ ಒಯ್ಯಿರಿ, ಮೇಲೆ ಬರೆದಿರುವುದನ್ನು ವೈದ್ಯರಿಗೆ ತೋರಿಸಿ.